ಏರ್‌ಪೋರ್ಟ್ ವಿಸ್ತರಣೆಯ ಸಾರ್ವಜನಿಕ ಆಲಿಕೆ: ಮೈಕಿಗಿಂತ ಸೀಲು ಮುಖ್ಯ

ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳಿ ದಾಖಲಿಸುವ ಸಭೆಯೇ ಸಾರ್ವಜನಿಕ ಆಲಿಕೆ. ಅದರ ಬಗ್ಗೆ ಪೇಪರಿನ ಒಳಪುಟದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಟಣೆ ಬಂತೆಂದರೆ ಆಲಿಕೆಗೆ ಕನಿಷ್ಠ 30 ದಿನ ಇರಬೇಕು. 2006ರ ಪರಿಸರ ಅಧಿಸೂಚನೆಯಲ್ಲೇ ಇರುವ ನಿಯಮ ಇದು. ದಿನಾಂಕ ಕಾಣುವಂತೆ ಆ ಪುಟವನ್ನು ಎತ್ತಿಡಿ. ದಿನ ಕಡಿಮೆ ಕೊಟ್ಟಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಮರುದಿನವೇ ಡಿಸಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೋ ಹೋಗಿ ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ಅಧ್ಯಯನದ ಕರಡು ವರದಿ ಕೇಳಿ. ಕನ್ನಡದ ಸಾರಾಂಶ ಕೈಗಿಟ್ಟು ಕಳಿಸಲು ನೋಡುತ್ತಾರೆ, ಒಪ್ಪಬೇಡಿ. ಅದರಲ್ಲಿ ನಕ್ಷೆಗಳ ವಿವರ ಸಿಗುವುದಿಲ್ಲ. ಪೂರ್ತಿ ವರದಿ ಬೇಕು.

ನೂರಾರು ಪುಟ ಓದುವುದು ಯಾರಿಗೂ ಆಗದ ಮಾತು. ಎರಡು ಕಡೆ ಬೆರಳಿಡಿ ಸಾಕು.

ಮೊದಲನೆಯದು ಶಬ್ದದ ನಕ್ಷೆ. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನ ಏರಿಳಿಯುವ ನಿಲ್ದಾಣದ ಸುತ್ತ ಮಿತಿ ಹಗಲು 70, ರಾತ್ರಿ 65 ಡೆಸಿಬೆಲ್. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ನಿಮ್ಮ ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟು, ಇಷ್ಟು ಶಬ್ದ ಇಲ್ಲಿಯವರೆಗೆ ಎಂದು ತೋರಿಸುವ ಗೆರೆ ಯಾವ ಸರ್ವೆ ನಂಬರಿನ ಮೇಲೆ ಹಾಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಇಡೀ ದಿನದ ಸರಾಸರಿ ಒಂದನ್ನೇ ಕೊಟ್ಟಿದ್ದರೆ ರಾತ್ರಿಯ ನಕ್ಷೆ ಬೇರೆಯಾಗಿ ಕೇಳಿ. ನಿದ್ದೆ ಕೆಡುವುದು ಸರಾಸರಿಯಲ್ಲಿ ಕಾಣುವುದಿಲ್ಲ.

ಎರಡನೆಯದು ನೀರು. ಅಧ್ಯಯನದ ಅಂಕಿಅಂಶವನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸುತ್ತಾರೆ. ಏಪ್ರಿಲಿನಲ್ಲಿ ಒಣಗಿ ಬಿದ್ದ ರಾಜಕಾಲುವೆ ನೋಡಿ ಸೆಪ್ಟೆಂಬರಿನ ಪ್ರವಾಹ ಅಳೆದಂತೆ. ರನ್‌ವೇ, ಪಾರ್ಕಿಂಗ್ ಕಾಂಕ್ರೀಟಿನ ಮೇಲೆ ಬಿದ್ದ ಮಳೆನೀರು ಯಾವ ಕಾಲುವೆಗೆ ಇಳಿಯುತ್ತದೆ, ಅದರ ಕೋಡಿ ಯಾವ ಕೆರೆಗೆ, ಹೆಸರು ಹಿಡಿದು ಕೇಳಿ.

ಈಗ ಅರ್ಜಿ. ಒಂದು ಸಂಖ್ಯೆಗೆ ಒಂದೇ ಪ್ರಶ್ನೆ, ಜೊತೆಗೆ ವರದಿಯ ಪುಟ ಸಂಖ್ಯೆ. "ಶಾಲೆಗೆ ಶಬ್ದದ ತೊಂದರೆಯಾಗುತ್ತದೆ" ಎಂದು ಬರೆದರೆ "ಕ್ರಮ ಕೈಗೊಳ್ಳಲಾಗುವುದು" ಎಂದು ಒಂದು ಸಾಲು ಬರುತ್ತದೆ. "ಇಂಥ ಪುಟದ ನಕ್ಷೆಯಲ್ಲಿ ನಮ್ಮ ಪ್ರಾಥಮಿಕ ಶಾಲೆ ಗೆರೆಯ ಒಳಗಿದೆ, ಆದರೂ ಅಲ್ಲಿ ಶಬ್ದ ಅಳೆದಿಲ್ಲ, ಏಕೆ?" ಎಂದರೆ ಹಾಗೆ ಜಾರಿಕೊಳ್ಳುವುದು ಕಷ್ಟ. ಎರಡು ಪ್ರತಿ ಒಯ್ದು, ಸಭೆಗೆ ಮೊದಲೇ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಒಂದನ್ನು ಕೊಟ್ಟು ಇನ್ನೊಂದಕ್ಕೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ.

ಸಭೆಯ ದಿನ ಮುಂದಿನ ಸಾಲು ಬೇಗ ತುಂಬಿರುತ್ತದೆ. ಮುಖಂಡರು ಮೈಕು ಹಿಡಿದರೆ ಬಿಡುವುದಿಲ್ಲ. ಕೆಲಸ, ಪರಿಹಾರ, ಊರಿಗೊಂದು ಸಮುದಾಯ ಭವನ ಎಂದು ಮಾತು ಹರಿಯುತ್ತದೆ. ವೇದಿಕೆಯ ಮೇಲಿರುವ ಡಿಸಿಗಾಗಲಿ ಎಡಿಸಿಗಾಗಲಿ ಯೋಜನೆಯನ್ನು ಒಪ್ಪುವ, ತಳ್ಳುವ ಅಧಿಕಾರವೇ ಇಲ್ಲ. ಅವರ ಕೆಲಸ ದಾಖಲಿಸುವುದು ಮಾತ್ರ. ಇಷ್ಟೇ ಜನ ಇರಬೇಕೆಂಬ ಕೋರಂ ಕೂಡ ಇಲ್ಲ, ಹಾಗಾಗಿ ಬಹಿಷ್ಕಾರ ಹಾಕಿ ಹೊರಗೆ ನಿಂತರೆ ಸಭೆ ಒಳಗೆ ಮುಗಿದುಹೋಗಬಹುದು. ಮೈಕು ಸಿಕ್ಕರೆ ಹೆಸರು, ಊರು, ಅರ್ಜಿಯ ಇನ್‌ವರ್ಡ್ ಸಂಖ್ಯೆ ಹೇಳಿ. ವಿಡಿಯೋ ಆಗುತ್ತಿರುತ್ತದೆ. ನಡಾವಳಿಯನ್ನು ಕೊನೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಅಲ್ಲಿಯವರೆಗೆ ಎದ್ದು ಹೋಗಬೇಡಿ, ನಿಮ್ಮ ಅಂಶ ಬಿಟ್ಟಿದ್ದರೆ ಆಗಲೇ ಸೇರಿಸಲು ಹೇಳಿ.

ಜನ ಹೆಚ್ಚು ಎಡವುವುದು ಜಮೀನಿನ ವಿಷಯದಲ್ಲಿ. ಕೈಗಾರಿಕೆಗೆ ಜಮೀನು ಪಡೆಯುವ ರಾಜ್ಯದ ಮಂಡಳಿ ಕೆಐಎಡಿಬಿಯಿಂದ, ಅದರ ಕಾಯ್ದೆಯ 28(2)ನೇ ಕಲಮಿನ ಭೂಸ್ವಾಧೀನ ನೋಟಿಸು ಬಂದಿದ್ದರೆ ಅದಕ್ಕೆ ಉತ್ತರ ಹೋಗಬೇಕಾದದ್ದು ವಿಶೇಷ ಭೂಸ್ವಾಧೀನಾಧಿಕಾರಿಗೆ, ನೋಟಿಸು ತಲುಪಿದ 30 ದಿನದೊಳಗೆ. ಆಲಿಕೆಯಲ್ಲಿ ಎಷ್ಟು ಕೂಗಿದರೂ ಅದು ಆ ಕಡತಕ್ಕೆ ಸೇರುವುದಿಲ್ಲ. ಜಮೀನಿನ ಹೋರಾಟದ ದಾರಿಯೇ ಬೇರೆ. ದೇವನಹಳ್ಳಿ ಏರ್‌ಪೋರ್ಟ್ ಬಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆ ಗುರುತಿಸಿದ್ದ 1,777 ಎಕರೆಯನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅದರ ಹಿಂದೆ ಮೂರು ವರ್ಷಕ್ಕೂ ಮೀರಿದ ರೈತರ ಧರಣಿ ಇತ್ತು.

ಆಲಿಕೆ ಮುಗಿದ ಮೇಲೆ ಪರಿಸರ ಅನುಮತಿಗಳ ಸರ್ಕಾರಿ ವೆಬ್‌ಸೈಟಾದ ಪರಿವೇಶ್ ಪೋರ್ಟಲನ್ನು ವಾರಕ್ಕೊಮ್ಮೆ ತೆರೆದು ನೋಡಿ. ಪರಿಸರ ಅನುಮತಿ ಹೊರಬಿದ್ದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠಕ್ಕೆ ಮೇಲ್ಮನವಿ ಹಾಕಲು 30 ದಿನ, ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನದವರೆಗೆ ಅವಕಾಶ. ಸೀಲು ಬಿದ್ದ ಆ ಪ್ರತಿ ಆಗ ವಕೀಲರಿಗೆ ಬೇಕಾಗುತ್ತದೆ.