ಆರ್‌ಸಿ ರೇಸಿಗೆ ಹೈ ವೋಲ್ಟೇಜ್ ಬ್ಯಾಟರಿ: ಕೊಳ್ಳುವ ಮುನ್ನ ಏನೇನು ನೋಡಬೇಕು?

ಐದು ನಿಮಿಷದ ಆರ್‌ಸಿ, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರುಗಳ ರೇಸಿನಲ್ಲಿ ಮೊದಲ ಮೂರು ನಿಮಿಷ ಎಲ್ಲರ ಕಾರೂ ಚೆನ್ನಾಗಿಯೇ ಓಡುತ್ತದೆ. ನಾಲ್ಕನೇ ನಿಮಿಷ ದಾಟಿದ ಮೇಲೆ ನೋಡಿ: ತಿರುವು ಮುಗಿಸಿ ನೇರ ದಾರಿಗೆ ಬಂದಾಗ ಕೆಲವು ಕಾರುಗಳು ಮಾತ್ರ ಮೊದಲಿನ ಬಿರುಸಿನಲ್ಲೇ ಚಿಮ್ಮುತ್ತವೆ, ಉಳಿದವು ಸೊರಗಿರುತ್ತವೆ. ಮೋಟಾರೂ ಒಂದೇ, ಗೇರೂ ಒಂದೇ ಆಗಿದ್ದಾಗ ನಾನು ಮೊದಲು ಅನುಮಾನಿಸುವುದು ಬ್ಯಾಟರಿಯನ್ನು. ರೇಸಿಗೆ ಹೊಸದಾಗಿ ಇಳಿದ ಹುಡುಗರು ಪಿಟ್‌ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆಯೂ ಅದರದ್ದೇ: "ಸಾರ್, ಎಚ್‌ವಿ ಪ್ಯಾಕ್ ತಗೊಳ್ಲಾ? ಯಾವ್ದು ತಗೊಳ್ಲಿ?" ಎರಡು ಸೆಲ್‌ಗಳ, ಅಂದರೆ 2ಎಸ್ ಪ್ಯಾಕ್ ಹಾಕುವ 1/10 ಅಳತೆಯ ಬಗ್ಗಿ ಮತ್ತು ಟೂರಿಂಗ್ ಕಾರುಗಳ ಲೆಕ್ಕದಲ್ಲಿ ಉತ್ತರ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಲಿಪೋ ಎಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಎಚ್‌ವಿ ಎಂದರೆ ಅದರದೇ ಹೈ ವೋಲ್ಟೇಜ್ ಬಗೆ. ಸಾಮಾನ್ಯ ಲಿಪೋ ಸೆಲ್‌ನ ಹೆಸರಿಗಿರುವ ವೋಲ್ಟೇಜ್ 3.7, ಪೂರ್ತಿ ತುಂಬಿದಾಗ 4.20. ಎಚ್‌ವಿ ಸೆಲ್‌ನದು 3.8, ತುಂಬಿದಾಗ 4.35. ಎರಡು ಸೆಲ್ ಕೂಡಿದರೆ 8.40 ಮತ್ತು 8.70. ಚಾರ್ಜ್ ಮಾಡುವಾಗ ವೋಲ್ಟೇಜ್ ಏರಿದಷ್ಟೂ ಸೆಲ್‌ನ ಪಾಸಿಟಿವ್ ಪದರದಿಂದ ಹೆಚ್ಚು ಲಿಥಿಯಂ ಹೊರಬರುತ್ತದೆ, ಅಷ್ಟು ಹೆಚ್ಚು ಶಕ್ತಿ ಕೂಡಿಡಬಹುದು. ಆದರೆ 4.20 ದಾಟಿದರೆ ಸಾಮಾನ್ಯ ಸೆಲ್‌ನ ಒಳಗಿನ ದ್ರಾವಣ ಕೆಡತೊಡಗಿ ಗಾಳಿ ಹುಟ್ಟುತ್ತದೆ, ಪ್ಯಾಕ್ ಊದಿಕೊಳ್ಳುತ್ತದೆ. ಎಚ್‌ವಿ ಸೆಲ್‌ನ ದ್ರಾವಣ ಮತ್ತು ಪದರ ಎರಡನ್ನೂ ಈ ಹೆಚ್ಚಿನ ಒತ್ತಡ ತಾಳುವಂತೆ ಬದಲಿಸಿರುತ್ತಾರೆ.

ಹಾಗಾದರೆ 8.70ಕ್ಕೆ ತುಂಬಿ ಓಡಿಸಿದರಾಯಿತಲ್ಲ? ಇಲ್ಲಿಯೇ ಹೊಸಬರು ಎಡವುವುದು.

ಮೊದಲ ಹೆಜ್ಜೆ: ನೀವು ಓಡಿಸುವ ರೇಸಿನ ನಿಯಮ ಓದಿ

ಅಮೆರಿಕದಲ್ಲಿ ಆರ್‌ಸಿ ರೇಸುಗಳ ನಿಯಮ ಮಾಡುವ ರೋರ್ ಸಂಸ್ಥೆಯ ಪ್ರಕಾರ 2ಎಸ್ ಪ್ಯಾಕಿಗೆ ಮಿತಿ 8.44 ವೋಲ್ಟ್. ಬೇರೆ ಅನೇಕ ಕಡೆ 8.40. ರೇಸಿಗೆ ಮುನ್ನ ತಪಾಸಣೆಯ ಮೇಜಿನಲ್ಲಿ ಮೀಟರ್ ಹಿಡಿದು ನೋಡುತ್ತಾರೆ, ಮಿತಿ ದಾಟಿದ್ದರೆ ಕಾರು ಟ್ರ್ಯಾಕಿಗೆ ಇಳಿಯುವುದಿಲ್ಲ. ಕ್ಲಬ್ ಮಟ್ಟದಲ್ಲಿ 8.70 ಬಿಡುವವರೂ ಇರಬಹುದು, ಆಯೋಜಕರನ್ನೇ ಕೇಳಿ. ಮಿತಿ 8.40 ಇದ್ದರೆ ಎಚ್‌ವಿ ಪ್ಯಾಕನ್ನೂ ಅಷ್ಟಕ್ಕೇ ತುಂಬಬೇಕು. ಆಗ ಅದರ ಮೇಲೆ ಬರೆದ ಸಾಮರ್ಥ್ಯದಲ್ಲಿ ಸುಮಾರು ಹತ್ತನೇ ಒಂದು ಭಾಗ ಕೈಗೆ ಬರುವುದಿಲ್ಲ. 5000 ಎಂಎಎಚ್ (ಮಿಲಿಆಂಪಿಯರ್ ಅವರ್, ಸಾಮರ್ಥ್ಯದ ಅಳತೆ) ಎಂದು ಬರೆದಿದ್ದರೆ 4500 ಎಂದು ಲೆಕ್ಕ ಹಾಕಿ. ಬದಲಿಗೆ ಸೆಲ್‌ಗೆ ಒತ್ತಡ ಕಡಿಮೆ, ಬಾಳಿಕೆ ಹೆಚ್ಚು. ನನ್ನ ಪ್ಯಾಕ್‌ಗಳನ್ನು ಅಭ್ಯಾಸದ ದಿನಗಳಲ್ಲೂ ನಾನು 8.40 ದಾಟಿಸುವುದಿಲ್ಲ.

ಎರಡನೆಯದು: ನಿಮಗೆ ಎಷ್ಟು ಸಾಮರ್ಥ್ಯ ಬೇಕು

ಇದನ್ನು ಅಂದಾಜಿನಲ್ಲಿ ಹೇಳಬೇಕಿಲ್ಲ. ಈಗಿರುವ ಪ್ಯಾಕಿನಲ್ಲಿ ಐದು ನಿಮಿಷ ರೇಸ್ ವೇಗದಲ್ಲಿ ಓಡಿಸಿ, ಮತ್ತೆ ತುಂಬಿಸುವಾಗ ಚಾರ್ಜರ್ ಎಷ್ಟು ಎಂಎಎಚ್ ಒಳಗೆ ಹಾಕಿತು ನೋಡಿ. 1800 ಎಂದು ತೋರಿಸಿತು ಅಂದುಕೊಳ್ಳಿ. ಐದು ನಿಮಿಷ ಎಂದರೆ ಗಂಟೆಯ ಹನ್ನೆರಡನೇ ಒಂದು ಭಾಗ, ಹಾಗಾಗಿ ಕಾರು ಸರಾಸರಿ 21.6 ಆಂಪಿಯರ್ ಎಳೆದಿದೆ. ಪ್ಯಾಕಿನ ಶೇ 80ಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಆ ಲೆಕ್ಕಕ್ಕೆ 2250 ಸಾಕು. ಆದರೂ ಮೋಟಾರಿಗೆ ಮಿತಿ ಇರುವ ಸ್ಟಾಕ್ ವರ್ಗದವರು ದೊಡ್ಡ ಪ್ಯಾಕ್ ಹಾಕುವುದಕ್ಕೆ ಕಾರಣವಿದೆ: ಚಾರ್ಜು ಇಳಿದಂತೆ ವೋಲ್ಟೇಜ್ ಇಳಿಯುತ್ತದೆ, ವೋಲ್ಟೇಜ್ ಇಳಿದರೆ ಮೋಟಾರಿನ ಸುತ್ತು ಇಳಿಯುತ್ತದೆ. ದೊಡ್ಡ ಪ್ಯಾಕ್ ಕೊನೆಯ ಸುತ್ತಿನಲ್ಲೂ ಅರ್ಧಕ್ಕಿಂತ ಹೆಚ್ಚು ತುಂಬಿರುತ್ತದೆ. ಬಲವಾದ ಮೋಟಾರಿಗೆ ಅವಕಾಶವಿರುವ ಮಾಡಿಫೈಡ್ ವರ್ಗದಲ್ಲಿ ಶಕ್ತಿಗೆ ಬರವಿಲ್ಲ, ಅಲ್ಲಿ ಹಗುರವಾದ ಪ್ಯಾಕಿಗೇ ನನ್ನ ಮತ.

ಅಳತೆಯ ಮಾತು ಚಿಕ್ಕದು. ಉದ್ದದ ಪ್ಯಾಕ್ ಸುಮಾರು 139 ಮಿ.ಮೀ., ಶಾರ್ಟಿ ಎನ್ನುವ ಗಿಡ್ಡ ಪ್ಯಾಕ್ ಸುಮಾರು 96, ಅಗಲ ಎರಡಕ್ಕೂ 47ರ ಆಸುಪಾಸು. ಎತ್ತರ ಕಡಿಮೆ ಇರುವ ತಳಮಟ್ಟದ ಪ್ಯಾಕ್‌ಗಳೂ ಸಿಗುತ್ತವೆ, ಭಾರ ನೆಲಕ್ಕೆ ಹತ್ತಿರವಾದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ನಿಮ್ಮ ಕಾರಿನ ಜಾಗವನ್ನು ವರ್ನಿಯರ್‌ನಲ್ಲಿ ಅಳೆದೇ ಆರ್ಡರ್ ಮಾಡಿ. ಪ್ಲಾಸ್ಟಿಕ್ ಗಟ್ಟಿ ಕವಚ ಇಲ್ಲದ ಪ್ಯಾಕ್ ರೇಸಿಗೆ ಬೇಡ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಐಆರ್

ಪ್ಯಾಕಿನ ಮೇಲೆ ದಪ್ಪ ಅಕ್ಷರದಲ್ಲಿ 130ಸಿ ಎಂದು ಬರೆದಿರುತ್ತದೆ, ಅಂದರೆ ತನ್ನ ಸಾಮರ್ಥ್ಯದ 130 ಪಟ್ಟು ಕರೆಂಟು ಕೊಡಬಲ್ಲದು ಎಂದು. ಅದನ್ನು ಗುಣಿಸಿ ನೋಡಿ: 5 ಆಂಪಿಯರ್ ಅವರ್ ಗುಣಿಸು 130, ಅಂದರೆ 650 ಆಂಪಿಯರ್. ನಮ್ಮ ಕಾರಿನ ತೆಳು ವೈರು ಅಷ್ಟು ಕರೆಂಟು ತಾಳುವುದೇ ಇಲ್ಲ. ಆ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ನೋಡಬೇಕಾದ್ದು ಸೆಲ್‌ನ ಒಳಗಿನ ತಡೆ, ನಾವೆಲ್ಲ ಐಆರ್ ಎನ್ನುವುದು. ಒಳ್ಳೆಯ ಚಾರ್ಜರ್‌ಗಳು ಇದನ್ನು ಸೆಲ್‌ವಾರು ಮಿಲಿಓಮ್‌ನಲ್ಲಿ ತೋರಿಸುತ್ತವೆ.

ಎರಡು ಪ್ಯಾಕ್‌ಗಳನ್ನು ಪಕ್ಕಪಕ್ಕ ಇಡೋಣ. ಒಂದರ ಪ್ರತಿ ಸೆಲ್ 2 ಮಿಲಿಓಮ್, ಒಟ್ಟು 4. ಇನ್ನೊಂದರದು 5, ಒಟ್ಟು 10. ತಿರುವಿನಿಂದ ಹೊರಬರುತ್ತ ಥ್ರಾಟಲ್ ಒತ್ತಿದಾಗ ಕಾರು ಒಂದು ಕ್ಷಣ 80 ಆಂಪಿಯರ್ ಎಳೆಯಿತು ಎನ್ನಿ. ಮೊದಲನೆಯದರಲ್ಲಿ 0.32 ವೋಲ್ಟ್ ಒಳಗೇ ಕಳೆದುಹೋಗುತ್ತದೆ, ಎರಡನೆಯದರಲ್ಲಿ 0.8. ವ್ಯತ್ಯಾಸ ಸುಮಾರು ಅರ್ಧ ವೋಲ್ಟ್. 8.40ರಿಂದ 8.70ಕ್ಕೆ ಏರಿದಾಗ ಸಿಗುವುದು 0.30 ಮಾತ್ರ! ಎಚ್‌ವಿ ಎಂಬ ಹೆಸರಿಗಿಂತ ಕಡಿಮೆ ಐಆರ್ ದೊಡ್ಡದು ಎಂದು ನಾನು ಪದೇಪದೇ ಹೇಳುವುದು ಇದಕ್ಕೇ.

ಎರಡೂ ಸೆಲ್‌ಗಳ ಐಆರ್ ಹತ್ತಿರ ಹತ್ತಿರ ಇರಬೇಕು. 1.6 ಮತ್ತು 1.7 ಇದ್ದರೆ ಸಂತೋಷದಿಂದ ಕೊಳ್ಳಿ. 1.5 ಮತ್ತು 2.9 ಇದ್ದರೆ ಹಿಂದಿರುಗಿಸಿ, ಆ ದುರ್ಬಲ ಸೆಲ್ ಪ್ರತಿ ರೇಸಿನಲ್ಲೂ ಮೊದಲು ಬಸವಳಿಯುತ್ತದೆ. ಹೋಲಿಸುವಾಗ ಒಂದೇ ಚಾರ್ಜರ್, ಒಂದೇ ಉಷ್ಣತೆ ಇರಲಿ. ಬೆಚ್ಚಗಿರುವ ಸೆಲ್ ಕಡಿಮೆ ಐಆರ್ ತೋರಿಸುತ್ತದೆ, ಬಿಸಿಲಿನಲ್ಲಿಟ್ಟ ಪ್ಯಾಕಿನ ಅಳತೆ ನಂಬಬೇಡಿ. ಹಳೆಯ ಪ್ಯಾಕ್ ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ: ಗಾಜಿನ ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ. ಎದುರು ಮೂಲೆ ಎದ್ದು ಟಕ್ ಎಂದು ಅಲ್ಲಾಡಿದರೆ ಒಳಗೆ ಸೆಲ್ ಊದಿರಬಹುದು, ಬಿಟ್ಟುಬಿಡಿ.

ನಾಲ್ಕನೆಯದು: ಚಾರ್ಜರ್

ಎಚ್‌ವಿ ಮೋಡ್ ಇಲ್ಲದ ಚಾರ್ಜರ್‌ನಲ್ಲಿ ಎಚ್‌ವಿ ಪ್ಯಾಕನ್ನು ಸಾಮಾನ್ಯ ಲಿಪೋ ಎಂದು ತುಂಬಿದರೆ ತೊಂದರೆಯಿಲ್ಲ, 8.40ಕ್ಕೆ ನಿಲ್ಲುತ್ತದೆ. ಉಲ್ಟಾ ಆದರೆ, ಅಂದರೆ ಸಾಮಾನ್ಯ ಪ್ಯಾಕನ್ನು ಎಚ್‌ವಿ ಮೋಡ್‌ನಲ್ಲಿ ತುಂಬಿದರೆ, ಬೆಂಕಿಯ ಅಪಾಯ. ಒಮ್ಮೆ ಪಿಟ್‌ನಲ್ಲಿ ನನ್ನ ಪಕ್ಕದ ಹುಡುಗನ ಹತ್ತಿರ ಒಂದೇ ಬಣ್ಣದ ಎರಡು ಪ್ಯಾಕ್ ಇದ್ದವು, ಒಂದು ಎಚ್‌ವಿ, ಒಂದು ಸಾಮಾನ್ಯ. ಚಾರ್ಜರ್ ಹಿಂದಿನ ಸಲದ ಎಚ್‌ವಿ ಮೋಡ್‌ನಲ್ಲೇ ಇತ್ತು. ಆಕಸ್ಮಿಕವಾಗಿ ಕಣ್ಣು ಹಾಯಿಸಿದಾಗ ಸಾಮಾನ್ಯ ಪ್ಯಾಕ್ 8.55 ತೋರಿಸುತ್ತಿತ್ತು. ಪ್ಲಗ್ ಕಿತ್ತು, ಹೊರಗೆ ಮರಳಿನ ಮೇಲೆ ಒಯ್ದಿಟ್ಟು, ಗಂಟೆಗಟ್ಟಲೆ ದೂರದಿಂದ ಕಾದೆವು. ಅವತ್ತಿನಿಂದ ನನ್ನ ಎಚ್‌ವಿ ಪ್ಯಾಕ್‌ಗಳಿಗೆಲ್ಲ ಕೆಂಪು ಟೇಪು. ಎರಡೂ ಸೆಲ್ ಸಮವಾಗಿ ತುಂಬುವಂತೆ ನೋಡಿಕೊಳ್ಳುವ ಬ್ಯಾಲೆನ್ಸ್ ವೈರ್ ಹಾಕದೆ ಚಾರ್ಜ್ ಮಾಡಬೇಡಿ, ಬೆಂಕಿ ತಡೆಯುವ ಚೀಲದಲ್ಲಿಡಿ, ಎದ್ದು ಹೋಗಬೇಡಿ. 5000ದ ಪ್ಯಾಕಿಗೆ 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡುವುದು ನಿಶ್ಚಿಂತೆಯ ವೇಗ.

ರೇಸ್ ಮುಗಿದ ಸಂಜೆಯೇ ಸ್ಟೋರೇಜ್ ಮೋಡ್‌ಗೆ ಹಾಕಿ, ಸೆಲ್‌ಗೆ 3.85ರ ಸುಮಾರಿಗೆ ಬರಲಿ. ತುಂಬಿಟ್ಟ ಪ್ಯಾಕನ್ನು ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಎಂಥ ದುಬಾರಿ ಸೆಲ್ ಆದರೂ ಬೇಗ ಮುದಿಯಾಗುತ್ತದೆ.

ಬೇರೆ ಊರಿನ ರೇಸಿಗೆ ವಿಮಾನದಲ್ಲಿ ಹೋಗುವವರು ಕೊಳ್ಳುವಾಗಲೇ ಇನ್ನೊಂದು ಲೆಕ್ಕ ಹಾಕಿ. 7.6 ವೋಲ್ಟ್ ಗುಣಿಸು 5 ಆಂಪಿಯರ್ ಅವರ್, 38 ವಾಟ್ ಅವರ್. ಮಿತಿ 100, ಹಾಗಾಗಿ 2ಎಸ್‌ಗೆ ಚಿಂತೆಯಿಲ್ಲ. 1/8 ಬಗ್ಗಿಯ 4ಎಸ್ ಪ್ಯಾಕ್ 6500 ಆದರೆ 98.8, 7000 ಆದರೆ 106.4. ನೂರು ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಮೊದಲೇ ಬೇಕು. ಬಿಡಿ ಪ್ಯಾಕ್‌ಗಳು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಕನೆಕ್ಟರ್ ಕೂರುವ ಎರಡು ತೂತುಗಳ ಮೇಲೆ ಟೇಪು ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕಿ.