ದುರ್ಗದ ಗರಸು ಮಣ್ಣಿನಲ್ಲಿ ಸಸಿ ಉಳಿಸಿಕೊಂಡ ನನ್ನ ಅನುಭವ

ಮೊದಲ ವರ್ಷ ನಾನು 40 ಟೊಮೆಟೊ ಸಸಿ ನೆಟ್ಟೆ. ಉಳಿದದ್ದು 6.

ಅದು 2022. ನಮ್ಮ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯ ಕೋಡಿ ಬಿತ್ತಲ್ಲ, 1933 ಆದಮೇಲೆ ಮೊದಲ ಸಲ ಅಂತ ಜಿಲ್ಲೆಯ ಜನರೆಲ್ಲ ನೋಡಲು ಹೋದರಲ್ಲ, ಅದೇ ವರ್ಷ. ಅಷ್ಟು ಮಳೆ ಬಿದ್ದ ಕಾಲದಲ್ಲೂ ನಾನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪದೆ ನೀರು ಹಾಕುತ್ತಿದ್ದೆ. ಮೊಬೈಲಿನಲ್ಲಿ ನೋಡಿದ ವಿಡಿಯೊದಲ್ಲಿ ಹಾಗೇ ಹೇಳಿದ್ದರು. ಮಧ್ಯಾಹ್ನ ಎಲೆ ಜೋತು ಬಿದ್ದರೆ ಬಾಯಾರಿದೆ ಅಂದುಕೊಂಡು ಇನ್ನೊಂದು ತಂಬಿಗೆ ಸುರಿಯುತ್ತಿದ್ದೆ.

ನಮ್ಮ ಅತ್ತೆ ಚಳ್ಳಕೆರೆ ಕಡೆಯವರು. ಮದುವೆಗೆ ಮುಂಚೆ ತವರಿನ ಹೊಲದಲ್ಲಿ ಈರುಳ್ಳಿ ಅಗಿ, ಮೆಣಸಿನ ಅಗಿ (ಸಸಿ) ಹಚ್ಚಿ ಬೆಳೆದವರು. ಅವರು ಸತ್ತ ಸಸಿಯೊಂದನ್ನು ಕಿತ್ತರು. ಬೇರನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ನೀರು ಕುಡಿದು ಕುಡಿದು ಸತ್ತೈತೆ ಕಣಮ್ಮ, ಬಾಯಾರಿ ಸತ್ತಿಲ್ಲ" ಅಂದರು. ಬಿಳಿ ಇರಬೇಕಾದ ಬೇರು ಕಂದಾಗಿ ಕೊಳೆತ ವಾಸನೆ ಬರುತ್ತಿತ್ತು. ಬೇರು ಕೊಳೆತ ಗಿಡ ನೀರು ಎಳೆದುಕೊಳ್ಳಲಾರದು, ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಬಾಡುತ್ತದೆ. ನೋಡುವವರಿಗೆ ಎರಡೂ ಬಾಡು ಒಂದೇ ಥರ ಕಾಣುತ್ತವೆ.

ಆಮೇಲೆ ನನಗೆ ಅರ್ಥವಾದದ್ದು ಇಷ್ಟು. ನಾನು ನೋಡಿದ ವಿಡಿಯೊ ತಪ್ಪು ಹೇಳಿರಲಿಲ್ಲ, ಅದು ಬೇರೆ ಊರಿನ ಮಣ್ಣಿಗೆ, ಬೇರೆ ಹವೆಗೆ ಹೇಳಿದ ಮಾತು. ನಮ್ಮ ದುರ್ಗದ ಮಣ್ಣು ಬೇರೆ, ಬೋರ್ ನೀರು ಬೇರೆ, ಆಷಾಢದ ಗಾಳಿ ಅಂತೂ ಬೇರೆಯೇ. ಹೊಸದಾಗಿ ಸಾವಯವದಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಬೆಳೆಯಲು ಹೊರಟವರು ಗಿಡ ನೋಡುವ ಮೊದಲು ಕಾಲ ಕೆಳಗಿನ ಮಣ್ಣು ನೋಡಬೇಕು. ನಾನು ಅದನ್ನು ಒಂದು ವರ್ಷ ತಡವಾಗಿ ಮಾಡಿದೆ.

ನಮ್ಮ ಮನೆ ಪಕ್ಕದಲ್ಲಿ ಇರುವುದು ಅರ್ಧ ಸೈಟಿನಷ್ಟು ಜಾಗ. ಗುದ್ದಲಿ ಹಾಕಿದರೆ ಮೇಲೆ ಆರು ಇಂಚು ಕೆಂಪು ಮಣ್ಣು, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು. ಸಲಾಕೆ ಹಾಕಿದರೆ ಠಣ್ ಅನ್ನುತ್ತದೆ. ಒಂದಡಿ ಗುಂಡಿ ತೆಗೆದು ನೀರು ತುಂಬಿಸಿದೆ. ಮೇಲಿನ ಅರ್ಧ ಹತ್ತು ನಿಮಿಷದಲ್ಲಿ ಇಂಗಿತು, ಕೆಳಗಿನ ಅರ್ಧ ಮಾರನೆಯ ದಿನ ಬೆಳಿಗ್ಗೆಯೂ ಹಾಗೇ ನಿಂತಿತ್ತು. ನನ್ನ 34 ಸಸಿ ಎಲ್ಲಿ ಮುಳುಗಿದವು ಅಂತ ಆಗ ಕಣ್ಣಾರೆ ಕಂಡೆ. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣು, ಕೆಳಗೆ ಬಟ್ಟಲಿನಂತೆ ನೀರು ಹಿಡಿದುಕೊಂಡ ಗರಸು. ಈ ಗುಂಡಿ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ದಯವಿಟ್ಟು ಬೀಜ ತರುವ ಮೊದಲೇ ಮಾಡಿ.

ಅದಾದ ಮೇಲೂ ಒಂದು ತಪ್ಪು ಮಾಡಿದೆ. ದಾವಣಗೆರೆ ಕಡೆ ಎರೆ ಮಣ್ಣಿನಲ್ಲಿ (ಕಪ್ಪು ಜಿಗುಟು ಮಣ್ಣು) ಬೆಳೆ ಹೇಗೆ ಬರುತ್ತದೆ ನೋಡಿ ಅಂತ ಯಾರೋ ಹೇಳಿದರು ಅಂತ ಒಂದು ಟ್ರ್ಯಾಕ್ಟರ್ ಎರೆ ಮಣ್ಣು ಹೊಡೆಸಿ ಮೇಲೆ ಹರವಿದೆ. ಭದ್ರಾ ನಾಲೆ ನೀರು ಕುಡಿಯುವ ಗದ್ದೆಗೆ ಅದು ಚಿನ್ನ. ನಮ್ಮ ಬಿಸಿಲಿಗೆ ಮಾತ್ರ ನಾಲ್ಕೇ ದಿನಕ್ಕೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು, ಬಿರುಕಿನ ಜೊತೆ ಎಳೆ ಬೇರೂ ಹರಿಯಿತು. ಎರೆ ಮಣ್ಣು ಸಡಿಲ ಮಾಡಲು ಸುಮ್ನೆ ಸ್ವಲ್ಪ ಮರಳು ಬೆರೆಸಿದರೂ ಸರಿಹೋಗುವುದಿಲ್ಲ, ಒಣಗಿದಾಗ ಗಾರೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಕೆಂಪು ಮಣ್ಣಿರಲಿ, ಎರೆ ಇರಲಿ, ಎರಡಕ್ಕೂ ಔಷಧಿ ಕಳಿತ ಗೊಬ್ಬರ ಒಂದೇ. ಎರೆಯನ್ನು ಅದು ಬಿಡಿಸುತ್ತದೆ, ಕೆಂಪು ಮಣ್ಣಿನಲ್ಲಿ ನೀರು ಹಿಡಿದಿಡುತ್ತದೆ.

ಈಗ ನಾನು ಕೆಳಕ್ಕೆ ಅಗೆಯುವುದನ್ನೇ ಬಿಟ್ಟು ಮೇಲಕ್ಕೆ ಏರಿಸಿದ್ದೇನೆ. ಪಿಕಾಸಿಯಲ್ಲಿ ಗರಸನ್ನು ಅಲ್ಲಲ್ಲಿ ಒಡೆದು ನೀರು ಇಳಿಯಲು ದಾರಿ ಮಾಡಿ, ಅದರ ಮೇಲೆ ಮುಕ್ಕಾಲು ಅಡಿ ಎತ್ತರದ ಮಡಿ. ಎರಡು ಪುಟ್ಟಿ ಕೆಂಪು ಮಣ್ಣಿಗೆ ಒಂದು ಪುಟ್ಟಿ ಹಳೇ ತಿಪ್ಪೆ ಗೊಬ್ಬರ, ಅರ್ಧ ಪುಟ್ಟಿ ಕೆರೆ ಗೋಡು (ಕೆರೆಯ ಹೂಳು). ಹತ್ತು ಅಡಿ ಮಡಿಗೆ ಒಂದು ಕೆಜಿ ಬೇವಿನ ಹಿಂಡಿ ಬೆರೆಸುತ್ತೇನೆ.

ಗೊಬ್ಬರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಕುರಿ ಗೊಬ್ಬರಕ್ಕೆ ಬರ ಇಲ್ಲ, ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದನ್ನು ಚಿಕ್ಕಂದಿನಿಂದ ನೋಡಿದವರೇ ಎಲ್ಲರೂ. ಆದರೆ ಕುರಿ ಗೊಬ್ಬರ ಕಾವು ಜಾಸ್ತಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು ಇದ್ದರೆ ಕುರಿ ಗೊಬ್ಬರದಲ್ಲಿ ಸುಮಾರು 3 ಪಾಲು. ಹಸಿಯಾಗಿ ಬುಡಕ್ಕೆ ಹಾಕಿದರೆ ಎಳೆ ಸಸಿ ಸುಟ್ಟುಹೋಗುತ್ತದೆ. ಹಸಿ ಸಗಣಿಯೂ ಅಷ್ಟೇ, ಅದರ ಜೊತೆ ಗೊಣ್ಣೆ ಹುಳು ಬರುತ್ತದೆ, ಗೆದ್ದಲು ಬರುತ್ತದೆ. ಕುರಿ ಗೊಬ್ಬರವನ್ನು ನಾನು ನೆರಳಿನಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಗೋಣಿ ತಾಟು ಮುಚ್ಚಿ ನಾಲ್ಕು ತಿಂಗಳು ಬಿಡುತ್ತೇನೆ. ಕೈಯಲ್ಲಿ ಹಿಡಿದರೆ ಬಿಸಿ ಇರಬಾರದು, ಹಿಕ್ಕೆಯ ಆಕಾರ ಕಾಣಬಾರದು, ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ನಾಟಿಗೆ ಎರಡು ವಾರ ಮೊದಲು ಹತ್ತು ಕೆಜಿ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ ಪುಡಿ ಕಲಸಿ ತೇವ ಆರದ ಹಾಗೆ ಇಡುತ್ತೇನೆ. ಬೇರು ಕೊಳೆಸುವ ಶಿಲೀಂಧ್ರವನ್ನು ಅದು ಹತ್ತಿಕ್ಕುತ್ತದೆ. ಅದು ಜೀವ ಇರುವ ಪದಾರ್ಥ, ಬಿಸಿಲಿಗೆ ಇಡಬೇಡಿ, ತಾರೀಕು ಮುಗಿದ ಪೊಟ್ಟಣ ತರಬೇಡಿ.

ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ದಾವಣಗೆರೆಯವರಿಗೆ ತರಳಬಾಳು ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ನಾಲ್ಕೈದು ಕಡೆ ಆರು ಇಂಚು ಆಳಕ್ಕೆ ಮಣ್ಣು ತೆಗೆದು ಬೆರೆಸಿ ಅರ್ಧ ಕೆಜಿ ಕೊಟ್ಟರೆ ಸಾಕು. ನನ್ನ ಮಣ್ಣಿನ ರಸಸಾರ (pH) 8.1 ಬಂತು, ಅಂದರೆ ಕ್ಷಾರದ ಕಡೆಗೆ. ಬೂದಿಯೂ ಕ್ಷಾರವೇ, ಹಾಗಾಗಿ ಅವತ್ತಿನಿಂದ ಒಲೆ ಬೂದಿ ಹಾಕುವುದನ್ನು ನಿಲ್ಲಿಸಿದೆ. ಅಜ್ಜಿ ಕಾಲದಿಂದ ಹಾಕುತ್ತಿದ್ದರು ಅಂತ ನಾನೂ ಹಾಕುತ್ತಿದ್ದೆ, ನನ್ನ ಮಣ್ಣಿಗೆ ಅದು ಬೇಕಿರಲಿಲ್ಲ.

ಇನ್ನು ನೀರು. 2023ರಲ್ಲಿ ಎಲ್ಲ ತಿರುಗಾಮುರುಗ ಆಯಿತು. ಬರಗಾಲ. ಮೃಗಶಿರಾ ಹೋಯಿತು, ಆರಿದ್ರಾ ಹೋಯಿತು, ಮೋಡ ಬಂದು ಬಂದು ಗಾಳಿಗೆ ಹಾರಿಹೋಗುತ್ತಿತ್ತು. ಜೋಗಿಮಟ್ಟಿ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಆಷಾಢದಲ್ಲಿ ನಮ್ಮೂರಿನ ಗಾಳಿ ಬೆಳಿಗ್ಗೆ ಹಾಕಿದ ನೀರನ್ನು ಮಧ್ಯಾಹ್ನದ ಹೊತ್ತಿಗೆ ಹೀರಿಬಿಡುತ್ತದೆ. ಒಂದು ವರ್ಷ ನೀರು ಹೆಚ್ಚಾಗಿ ಕೆಟ್ಟಿದ್ದ ನಾನು ಮುಂದಿನ ವರ್ಷ ಹೆದರಿ ಕಡಿಮೆ ಹಾಕಿ ಕೆಡಿಸುವುದರಲ್ಲಿದ್ದೆ. ಆಗ ಅತ್ತೆ ಕಲಿಸಿದ್ದು ಬೆರಳಿನ ಲೆಕ್ಕ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಬುಡದಿಂದ ನಾಲ್ಕು ಇಂಚು ದೂರದಲ್ಲಿ ಮಣ್ಣಿಗೆ ತೂರಿಸಿ. ಬೆರಳ ತುದಿಗೆ ತಂಪು ತಾಗಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಪುಡಿ ಪುಡಿಯಾಗಿ ಉದುರಿದರೆ ಬೇಕು. ಎಲೆ ನೋಡಿ ನಿರ್ಧಾರ ಮಾಡಬೇಡಿ. ಬೇಸಿಗೆಯ ಮಧ್ಯಾಹ್ನ ಟೊಮೆಟೊ ಎಲೆ ಬಾಡುವುದು ಸಹಜ, ಸಂಜೆಗೆ ತಾನಾಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಏಳು ಗಂಟೆಗೂ ಬಾಡಿಕೊಂಡೇ ಇದ್ದರೆ ಆಗ ಬೆರಳು ಹಾಕಿ ನೋಡಿ.

ಹಾಕುವಾಗ ತುಂಬಾ ಹಾಕಿ, ಆಮೇಲೆ ಬಿಡಿ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಹರಡಿಕೊಳ್ಳುತ್ತದೆ, ಒಂದು ದಿನ ಊರಿಗೆ ಹೋಗಿ ಬಂದರೆ ಗಿಡ ಮುಗಿಯಿತು. ನನ್ನ ಮಡಿಗೆ ಈಗ ಮಳೆಗಾಲದಲ್ಲಿ ಮಳೆ ತಪ್ಪಿದರೆ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ದಿನ ಬಿಟ್ಟು ದಿನ. ಇದು ನನ್ನ ಮಡಿಯ ಲೆಕ್ಕ, ನಿಮ್ಮದನ್ನು ನಿಮ್ಮ ಬೆರಳೇ ಹೇಳಬೇಕು.

ಬರಗಾಲದಲ್ಲಿ ನನ್ನನ್ನು ಕಾಪಾಡಿದ್ದು ಎರಡು. ಒಂದು, ಹೊದಿಕೆ. ಒಣ ಹುಲ್ಲು, ಶೇಂಗಾ ಸಿಪ್ಪೆ, ಹೊಂಗೆ ಎಲೆ, ಸಿಕ್ಕಿದ್ದನ್ನೆಲ್ಲ ಮೂರು ಇಂಚು ದಪ್ಪಕ್ಕೆ ಮಡಿ ತುಂಬಾ ಮುಚ್ಚಿದೆ, ಕಾಂಡದ ಸುತ್ತ ಎರಡು ಇಂಚು ಬಿಟ್ಟು. ಹೊದಿಕೆ ಹಾಕಿದ ಮಡಿಗೂ ಹಾಕದ ಮಡಿಗೂ ಎರಡು ದಿನದ ನೀರಿನ ವ್ಯತ್ಯಾಸ ಇತ್ತು. ಇನ್ನೊಂದು, ಗಡಿಗೆ. ಬಣ್ಣ ಬಳಿಯದ ಸಾದಾ ಮಣ್ಣಿನ ಗಡಿಗೆಯನ್ನು ನಾಲ್ಕು ಗಿಡದ ನಡುವೆ ಕುತ್ತಿಗೆವರೆಗೆ ಹೂತು ನೀರು ತುಂಬಿಸಿ ಬಾಯಿ ಮುಚ್ಚಿಟ್ಟೆ. ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ, ಸುತ್ತಲಿನ ಮಣ್ಣು ಒಣಗಿದಷ್ಟು ಜಾಸ್ತಿ ಎಳೆದುಕೊಳ್ಳುತ್ತದೆ. ನಾಲ್ಕು ದಿನ ಮದುವೆಗೆ ಹೋಗಿ ಬಂದರೂ ಗಿಡ ನಗುನಗುತ್ತಾ ಇದ್ದವು.

ಬೋರ್ ನೀರಿನ ವಿಷಯ ಕೂಡ ಹೇಳಬೇಕು. ನಮ್ಮ ಬೋರ್ ನೀರು ಗಡುಸು, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರು, ಮೇಲೆ ಕ್ಷಾರದ ಮಣ್ಣು, ಎರಡೂ ಸೇರಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಹಾಗಾಗಿ ಸಸಿ ಮಡಿಗೆ ಮಾತ್ರ ಮಳೆ ನೀರು ಕೂಡಿಡುತ್ತೇನೆ. 600 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 550 ಲೀಟರ್ ನೀರು, ಅಷ್ಟೂ ಸಿಗದಿದ್ದರೂ ಎರಡು ಡ್ರಮ್ ತುಂಬುತ್ತದೆ. ಎಳೆ ಸಸಿಗಳಿಗೆ ಅಷ್ಟು ಧಾರಾಳ.

ಸಸಿಯನ್ನು ನಾನು ಪ್ರೋ ಟ್ರೇಯಲ್ಲಿ, ಅಂದರೆ ಸಣ್ಣ ಸಣ್ಣ ಗುಳಿ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಡುತ್ತೇನೆ. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಅರ್ಧ, ಜರಡಿ ಹಿಡಿದ ಎರೆಹುಳು ಗೊಬ್ಬರ ಅರ್ಧ. ಕೋಕೋಪಿಟ್‌ನಲ್ಲಿ ಉಪ್ಪಿರುತ್ತದೆ, ಮೂರು ನೀರಿನಲ್ಲಿ ತೊಳೆದು ಹಿಂಡಿ ಬಳಸಿ. ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳ ಹಾಕಬೇಡಿ. ಟೊಮೆಟೊ ವಾರದೊಳಗೆ ಮೊಳೆಯುತ್ತದೆ, ಮೆಣಸಿನಕಾಯಿ ಎರಡು ವಾರವನ್ನೂ ತೆಗೆದುಕೊಳ್ಳಬಹುದು, ಬರಲಿಲ್ಲ ಅಂತ ಕೆದಕಿ ನೋಡಬೇಡಿ. ಬಿಳಿನೊಣ, ನುಸಿ ಬಾರದ ಹಾಗೆ ನೈಲಾನ್ ಪರದೆ ಕಟ್ಟಿ. ಎಲೆ ಮುದುಡು ರೋಗ ಸಸಿಯಲ್ಲೇ ಹತ್ತಿದರೆ ಮುಂದೆ ಏನು ಮಾಡಿದರೂ ಆಗುವುದಿಲ್ಲ.

ನಾಟಿಗೆ ಆತುರ ಬೇಡ. ಟೊಮೆಟೊ 25ರಿಂದ 30 ದಿನ, ಬದನೆ 30ರಿಂದ 35, ಮೆಣಸಿನಕಾಯಿ 40 ದಿನ ಆಗಲಿ. ಸಸಿಯನ್ನು ಹುಷಾರಾಗಿ ಎತ್ತಿ ನೋಡಿ, ಬಿಳಿ ಬೇರು ಮಣ್ಣನ್ನೆಲ್ಲ ಹೆಣೆದು ಹಿಡಿದಿದ್ದರೆ ಸಿದ್ಧ. ಹೆಣೆದಿಲ್ಲ ಅಂದರೆ ಮಣ್ಣು ಉದುರಿ ಬೇರು ಬೆತ್ತಲಾಗುತ್ತದೆ. ನಾಟಿಗೆ ಒಂದು ವಾರ ಮೊದಲಿನಿಂದ ನೀರು ಕಡಿಮೆ ಮಾಡಿ, ಬಿಸಿಲಿಗೆ ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಗ್ಗಿಸಿ. ಗಾಳಿಗೂ ಒಗ್ಗಿಸಿ, ನಮ್ಮ ಕಡೆ ಬಿಸಿಲಿಗಿಂತ ಗಾಳಿಯೇ ಎಳೆ ಕಾಂಡ ಮುರಿಯುವುದು.

ನೆಡುವುದು ಸಂಜೆ ಐದರ ಮೇಲೆ. ಗುಂಡಿಗೆ ಮೊದಲೇ ನೀರು ಹಾಕಿ ಇಂಗಲು ಬಿಡಿ, ಟ್ರೇಗೂ ನೀರು ಕೊಟ್ಟಿರಿ. ಸಸಿಯನ್ನು ಕಾಂಡ ಹಿಡಿದು ಎತ್ತಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಕತೆ ಅಲ್ಲಿಗೆ ಮುಗಿಯಿತು. ಟೊಮೆಟೊ ಕೆಳಗಿನ ಎಲೆ ಚಿವುಟಿ ಆಳವಾಗಿ ಹೂಳಿ, ಹೂತ ಕಾಂಡದಲ್ಲೇ ಬೇರು ಬರುತ್ತದೆ. ಮೆಣಸಿನಕಾಯಿ, ಬದನೆ ಮಾತ್ರ ಟ್ರೇಯಲ್ಲಿ ಇದ್ದ ಮಟ್ಟಕ್ಕೇ ನೆಡಿ. ಟೊಮೆಟೊ, ಬದನೆಗೆ ಎರಡಡಿ ಅಂತರ, ಮೆಣಸಿನಕಾಯಿಗೆ ಒಂದೂವರೆ. ಸಸಿ ಚಿಕ್ಕದಿರುವಾಗ ಇಷ್ಟು ಜಾಗ ಯಾಕೆ ಅನ್ನಿಸುತ್ತದೆ, ಎರಡು ತಿಂಗಳಿಗೆ ಗೊತ್ತಾಗುತ್ತದೆ. ಆಧಾರದ ಕೋಲನ್ನು ಅವತ್ತೇ ಊರಿ, ಆಮೇಲೆ ಊರಿದರೆ ಬೇರಿಗೆ ಚುಚ್ಚುತ್ತದೆ.

ಮೊದಲ ನಾಲ್ಕು ದಿನ ನೆರಳು ಬೇಕು. ಚನ್ನಗಿರಿ ಕಡೆಯ ನೆಂಟರು ತಂದುಕೊಟ್ಟ ಅಡಿಕೆ ಹಾಳೆಯನ್ನು ಪಡುವಣ ದಿಕ್ಕಿಗೆ ಓರೆಯಾಗಿ ಊರುತ್ತೇನೆ, ಬಿಸಿಲೂ ತಡೆಯುತ್ತದೆ, ಗಾಳಿಯೂ ತಡೆಯುತ್ತದೆ. ಹಾಳೆ ಇಲ್ಲದವರು ಹೊಂಗೆ ಟೊಂಗೆ ಚುಚ್ಚಿ. ಈ ದಿನಗಳಲ್ಲಿ ಗೊಬ್ಬರ, ಹಿಂಡಿ ನೀರು, ಏನೂ ಬೇಡ. ಗಿಡ ಬಾಡಿದೆ, ಏನಾದರೂ ಕೊಡೋಣ ಅಂತ ಮನಸ್ಸು ಎಳೆಯುತ್ತದೆ. ತಡೆದುಕೊಳ್ಳಿ.

ಎಂಟು ಹತ್ತು ದಿನಕ್ಕೆ ನೆತ್ತಿಯಲ್ಲಿ ಹೊಸ ಎಲೆ ಕಾಣುತ್ತದೆ. ಬೇರು ಹಿಡಿಯಿತು ಅಂತ ಅರ್ಥ. ಆ ದಿನ ನೋಡಿಕೊಂಡು 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಕಪ್ಪು ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಕಲಸಿ ಜೀವಾಮೃತ ಅನ್ನುವ ದ್ರವ ಗೊಬ್ಬರಕ್ಕೆ ಇಡುತ್ತೇನೆ. ದಿನಕ್ಕೆರಡು ಸಲ ಕೋಲಿನಲ್ಲಿ ತಿರುಗಿಸಿ, ನೆರಳಲ್ಲಿಟ್ಟು, ಮೂರನೇ ದಿನ ಸಂಜೆ, ಮಣ್ಣು ಹದವಾಗಿ ತೇವ ಇರುವಾಗ, ಗಿಡಕ್ಕೊಂದು ಲೋಟ.