ಗಮಕ ಬಿಟ್ಟ ಮೇಲೇ ಆಲ್ಡ್ ಲ್ಯಾಂಗ್ ಸೈನ್ ನನ್ನ ಕೈಗೆ ಒಲಿದಿದ್ದು

ಆಲ್ಡ್ ಲ್ಯಾಂಗ್ ಸೈನ್ ಅಂದ್ರೆ ಹಳೇ ಸ್ನೇಹ ನೆನೆದು ಹೊಸ ವರ್ಷದ ಹೊತ್ತಿಗೆ ಹಾಡೋ ಸ್ಕಾಟ್ಲೆಂಡಿನ ಹಾಡು. ಗ್ಲಾಸ್ಗೋಲಿ ವಾರಕ್ಕೊಂದ್ಸಲ ಪಬ್ಬಲ್ಲಿ ಫಿಡಲ್ ನುಡಿಸೋರ ಜೊತೆ ನಾನೂ ಕೂರ್ತೀನಿ. ಕರ್ನಾಟಕ ಸಂಗೀತದ ಪಿಟೀಲು ಕಲ್ತವನು ಈ ಮಟ್ಟು ನುಡಿಸಿ ಅವರ ಕಣ್ಣಲ್ಲೇ ನೀರು ತರಿಸ್ತಾನೆ ಅಂತ ಅಲ್ಲಿ ಯಾರೂ ನಂಬಿರ್ಲಿಲ್ಲ, ಊರಲ್ಲಿರೋ ನಮ್ಮ ಮೇಷ್ಟ್ರೂ ನಂಬಿರ್ಲಿಲ್ಲ. ಹೋದ ಡಿಸೆಂಬರ್ 31ಕ್ಕೆ ತರಿಸ್ದೆ.

ಈ ಮಟ್ಟಲ್ಲಿ ಬರೋದು ಸ ರಿ ಗ ಪ ಧ ಅಷ್ಟೇ, ನಮಗೆ ಅಚ್ಚ ಮೋಹನ ರಾಗ. ಕೆಡಿಸಿದ್ದೂ ಅದೇ. ಮೊದಲ್ನೇ ವರ್ಷ ನಮ್ಮ ಗಮಕದ ಥರ ಗಾಂಧಾರ (ಗ) ತೂಗಿಸಿ, ಧೈವತಕ್ಕೆ (ಧ) ಜಾರಿಸಿ ನುಡಿಸ್ದೆ, ಪಕ್ಕದಲ್ಲಿದ್ದ ಹಿರಿಯ ಫಿಡ್ಲರ್ ಒಬ್ರು "ಚೆನ್ನಾಗಿದೆ, ಆದ್ರೆ ಇದು ನಮ್ಮ ಹಾಡಲ್ಲ" ಅಂದ್ರು. ಆಮೇಲೆ ತಂತಿಗಳಿಗೆ ನಮ್ಮ ಸ-ಪ-ಸ-ಪ ಶ್ರುತಿ ಬಿಟ್ಟು ಅವರ ಥರ ಕೂಡಿಸೋಕೆ ಹೋಗಿ ಎರಡು ಸೆಟ್ ತಂತಿ, ಕಮಾನಿಗೆ ಹೊಸ ಕೂದಲು, ಎಲ್ಲಾ ಸೇರಿ 150 ಪೌಂಡ್ ಹತ್ರ ಹೋಯ್ತು, ನಾದ ಮಾತ್ರ ಹಾಗೇ ಇತ್ತು.

ಮಧ್ಯೆ ಇನ್ನೊಂದು ಪ್ರಯೋಗ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಬರೆದ ಈ ಹಾಡಿನ ಸಾಹಿತ್ಯ 1796ರಲ್ಲಿ ಅಚ್ಚಾದಾಗ ಬೇರೆ ಮಟ್ಟು ಇತ್ತು, ಈಗಿನದಕ್ಕೆ ಕೂಡಿಸಿ ಅಚ್ಚು ಹಾಕಿದ್ದು 1799ರಲ್ಲಿ. ಆ ಹಳೇದನ್ನ ಒಂದು ತಿಂಗಳು ಸಾಧನೆ ಮಾಡ್ದೆ, ನನಗಂತೂ ಬಹಳ ಇಷ್ಟ, ಆದ್ರೆ ಪಬ್ಬಲ್ಲಿ ದನಿ ಸೇರಿಸಿದ್ದು ಇಬ್ರೋ ಮೂವರೋ.

ದಾರಿ ತೋರಿಸಿದ್ದು ಶ್ರುತಿ ಹಿಡಿಯೋ ತಂಬೂರಿ ಆಪ್. ಅವರ ಬ್ಯಾಗ್‌ಪೈಪಲ್ಲಿ ಮೂರು ಡ್ರೋನ್, ಅಂದ್ರೆ ಶ್ರುತಿ ಥರ ಒಂದೇ ಸ್ವರ ಹಿಡಿದು ನಿಲ್ಲೋ ಕೊಳವೆಗಳು, ಮೂರೂ ಒಂದೇ ಸ್ವರ, ಪಂಚಮ (ಪ) ಇರಲ್ಲ. ಆಪಲ್ಲಿ ಪಂಚಮ ಆಫ್ ಮಾಡಿ ಬರೀ ಷಡ್ಜ (ಸ) ಇಟ್ಕೊಂಡು, ಗಮಕ ಎಲ್ಲಾ ಬಿಟ್ಟು, ಅರ್ಧ ವೇಗದಲ್ಲಿ ನುಡಿಸ್ದೆ ನೋಡಿ, ಮಂದ್ರ (ಕೆಳಗಿನ ಸ್ಥಾಯಿ) ಪಂಚಮದಿಂದ ಹೊರಟು ಸ ಸ ಗ ಪ ಅಂತ ಹತ್ತಿ ಧೈವತದಲ್ಲಿ ನಿಂತಾಗ ನನಗೇ ಗಂಟಲು ಕಟ್ತು. ಆ ಧೈವತ ಒಂಚೂರೂ ಅಲುಗಬಾರದು, ಅಲುಗಿದ್ರೆ ಅದು ಸಂಗೀತ ಆಗತ್ತೆ, ಅಲುಗದೆ ಇದ್ರೆ ಯಾರೋ ನೆನಪಾಗ್ತಾರೆ. ಕೊನೇಲಿ ಮಂದ್ರ ಧ, ಪ ಮುಟ್ಟಿ ಷಡ್ಜಕ್ಕೆ ಬರೋವಾಗ ಕಮಾನು ಇನ್ನೂ ನಿಧಾನ. ಇದು ಅವರ ಕುಣಿತದ ಮಟ್ಟುಗಳ ನೆಂಟ ಅಂತ ಕುಟ್ಟಿ ನುಡಿಸ್ತಾರಲ್ಲ, ಆ ಕುಟ್ಟೋದ್ರಲ್ಲೇ ಅಳು ಹೋಗ್ಬಿಡತ್ತೆ.

ಆ ಡಿಸೆಂಬರ್ 31ರ ದಿನ ಕೊನೇ ಚರಣಕ್ಕೆ, "ಇಗೋ ನನ್ನ ಕೈ ಗೆಳೆಯಾ" ಅಂತ ಬರೋ ಕಡೆ, ರೂಢಿ ಹಾಗೆ ಎಲ್ಲರೂ ತೋಳು ಅಡ್ಡ ಹಾಕಿ ಪಕ್ಕದವರ ಕೈ ಹಿಡಿದ್ರು. ನಮ್ಮ ಹಿರಿಯರು ಫಿಡಲ್ ಮೇಜಿನ ಮೇಲಿಟ್ಟು ಕೈ ಕೊಟ್ರು, ಹಾಡೋಕೆ ಬಾಯಿ ತೆಗೆದ್ರು, ದನಿ ಬರ್ಲಿಲ್ಲ. ಮುಂದಿನ ವಾರ "ಆ ಧೈವತದ ಹತ್ರ ಕಮಾನಲ್ಲಿ ಏನ್ ಮಾಡ್ತೀಯ?" ಅಂತ ಕೇಳಿದ್ರು. ಅದೊಂದನ್ನ ಅವರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ.